ಕೇಳಿದವರಿಗೆ ಇದ್ದದ್ದು ಇದ್ದ ಹಾಗೆ

೩೦ ಮಾರ್ಚ್ ೧೯೮೭, ಸೋಮವಾರ. ಯುಗಾದಿ. ಶಿಡ್ಲಘಟ್ಟ

ಇವತ್ತಿನಿಂದ ನನ್ನ ಬದುಕಿಗೊಂದು ಸೂತ್ರವಿದೆ. ಅದು ಹೇಗೆ ಬಂತು ಅಂತ ಮೊದಲ ಪುಟದಲ್ಲೇ ಬರೆದಿಡುತ್ತೇನೆ. ಆಮೇಲೆ ನಾನೇ ಮರೆತು ಬೇರೇನೋ ಹೇಳಿಕೊಂಡು ತಿರುಗುವುದು ಬೇಡ.

ನಿವೃತ್ತ ಹೆಡ್‌ಮಾಸ್ಟರ್ ಚೆನ್ನರಾಯಪ್ಪನವರು ಯುಗಾದಿ ಸಭೆಗೆ ಭಾಷಣ ಬರೆದು, ಟೈಪ್ ಮಾಡಿಸಲು ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ತಂದಿದ್ದರು. ಐದು ಪ್ರತಿ ಬೇಕಂತೆ. ಕಾರ್ಬನ್ ಮುಗಿದಿತ್ತು, ಐದು ಸಲ ಹೊಡೆದೆ. ‘ಮನುಷ್ಯನಿಗೆ ಒಂದು ಸೂತ್ರ ಬೇಕು, ದಿನದ ಪ್ರತಿ ತೀರ್ಮಾನವನ್ನೂ ಅದರ ಜೊತೆ ತಾಳೆ ನೋಡಬೇಕು’ ಅನ್ನುವ ವಾಕ್ಯ ಐದನೇ ಸಲ ಬಂದಾಗ ಮೈ ಜುಮ್ಮೆಂದಿತು. ಪ್ರತಿಗಳನ್ನು ಕೊಡುವಾಗ, “ನಿಮ್ಮ ಸೂತ್ರ ಯಾವುದು ಸಾರ್?” ಅಂತ ಕೇಳಿದೆ.

“ನಂದೇನಪ್ಪ, ಇದು ಸಭೇಲಿ ಓದೋಕೆ ಬರ್ದಿದ್ದು” ಅಂದರು.

ಅವರಿಗಿಲ್ಲದಿದ್ದರೆ ಬೇಡ, ನನಗಿರಲಿ ಅಂತ ಒಂದು ಕಾರ್ಡಿನ ಮೇಲೆ ಹೊಡೆದು ಮೇಜಿನ ಎದುರಿನ ಗೋಡೆಗೆ ಅಂಟಿಸಿದೆ: ‘ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು.’

ಇದೇ ಯಾಕೆ ಅನ್ನುವುದನ್ನೂ ಬರೆಯಬೇಕು. ನಮ್ಮ ಕಡೆ ಸಂಬಂಧ ಕುದುರುವ ಮುಂಚೆ ಗಂಡಿನ ಬಗ್ಗೆಯೋ ಹೆಣ್ಣಿನ ಬಗ್ಗೆಯೋ ಊರಲ್ಲಿ ನಾಲ್ಕು ಜನರನ್ನು ವಿಚಾರಿಸುವುದು ಪದ್ಧತಿ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರೆಲ್ಲ ನನ್ನ ಹತ್ತಿರವೇ ಟೈಪಿಂಗ್ ಕಲಿಯುವುದರಿಂದ, ಬಂದವರು ಸೀದಾ ನನ್ನ ಮೆಟ್ಟಿಲು ಹತ್ತುತ್ತಾರೆ. “ಹುಡುಗ ಹೇಗೆ ಮೇಷ್ಟ್ರೇ?” “ಬಂಗಾರದಂಥ ಹುಡುಗ.” ಹನ್ನೆರಡು ವರ್ಷದಿಂದ ಎಲ್ಲರೂ ಬಂಗಾರವೇ. ಎರಡು ವರ್ಷದ ಹಿಂದೆ ಸಾದಲಿಯ ಕದಿರಮ್ಮ ಹೀಗೇ ಬಂದು ಮಗಳಿಗೆ ನೋಡಿದ ಹುಡುಗನ ಬಗ್ಗೆ ಕೇಳಿದರು. ಆ ಹುಡುಗ ಇಸ್ಪೀಟಿಗೆ ಕೂತರೆ ಎರಡು ದಿನ ಏಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಬಂಗಾರ ಅಂದೆ. ಏಳು ತಿಂಗಳಿಗೆ ಅವರ ಮಗಳು ಒಂದು ಟ್ರಂಕು ಹಿಡಿದುಕೊಂಡು ತವರಿಗೆ ವಾಪಸ್ಸು ಬಂದಳು. ಇದನ್ನು ನಾನು ಯಾರಿಗೂ ಹೇಳಿಲ್ಲ. ಕದಿರಮ್ಮ ರೇಷ್ಮೆ ಗೂಡಿನ ಚೀಲ ಹೊತ್ತು ಮಾರ್ಕೆಟ್ಟಿಗೆ ಬರುವ ದಿನ ನಾನು ಮಸೀದಿ ಬೀದಿ ಸುತ್ತಿಕೊಂಡು ಹೋಗುತ್ತೇನೆ.

ಮಧ್ಯಾಹ್ನ ಅಮ್ಮ ಒಬ್ಬಟ್ಟು ಬಡಿಸಿ, “ಹೆಂಗಿದೆಯೋ?” ಅಂದರು.

“ಹೂರಣ ಗಟ್ಟಿಯಾಗಿದೆ, ಕಣಕ ದಪ್ಪವಾಗಿದೆ.”

ಎರಡನೇ ಒಬ್ಬಟ್ಟು ಬರಲಿಲ್ಲ. ಆದರೂ ಮನಸ್ಸು ಹಗುರವಾಗಿದೆ.

೨ ಏಪ್ರಿಲ್

ಟೈಪಿಂಗ್ ಜೂನಿಯರ್ ಪರೀಕ್ಷೆಗೆ ಕಲಿಯುವ ಸುಗುಣ, “ಸಾರ್, ಈ ಸಲ ಪಾಸಾಗ್ತೀನಾ?” ಅಂದಳು. ಕಾರ್ಡು ನೋಡಿದೆ. “ಇಲ್ಲಮ್ಮ” ಅಂದೆ. ಅಳುತ್ತಾ ಮೆಟ್ಟಿಲಿಳಿದಳು. ಅವಳ ಜೊತೆಯವಳು, ಏನೂ ಕೇಳದೇ ಇದ್ದವಳು, ಅವಳೂ ಚಪ್ಪಲಿ ಹಾಕಿಕೊಂಡು ಹೋದಳು. ಸೂತ್ರ ಹಿಡಿದವನು ಇದಕ್ಕೆಲ್ಲ ಅಂಜಬಾರದು.

೯ ಏಪ್ರಿಲ್

ಇವತ್ತು ನಿಜವಾದ ಪರೀಕ್ಷೆ.

ಚಿಂತಾಮಣಿಯಿಂದ ನೂರುಲ್ಲಾ ಸಾಹೇಬರು ಅಂತ ಬಂದಿದ್ದರು. ಅಲ್ಲಿ ಬಟ್ಟೆ ಅಂಗಡಿ ಇದೆಯಂತೆ. ಪಕ್ಕದ ಮನೆಯ ಖತೀಜಾ ಬೀ ಅವರ ಮಗ ಸಾದಿಕ್ ಪಾಷಾನಿಗೆ ತಮ್ಮ ಮಗಳನ್ನು ಕೊಡುವ ಮಾತು ನಡೆದಿದೆ. ಸಾದಿಕ್ ನನ್ನ ಬೆಳಗಿನ ಬ್ಯಾಚಿನವನು. ಖತೀಜಾ ಬೀ ಅಂತೂ ಹದಿನೈದು ವರ್ಷದ ನೆರೆ, ಅವರ ಕರಿಬೇವಿನ ಗಿಡದಿಂದಲೇ ನಮ್ಮ ಮನೆಯ ಒಗ್ಗರಣೆ ನಡೆಯುತ್ತದೆ.

“ಹುಡುಗ ಹೇಗೆ ಮೇಷ್ಟ್ರೇ?”

ನಾಲಿಗೆ ತುದಿಗೆ ಬಂಗಾರ ಬಂದೇಬಿಟ್ಟಿತ್ತು. ನುಂಗಿಕೊಂಡೆ. “ಜೂನಿಯರ್‌ನಲ್ಲಿ ಮೂರು ಸಲ ಫೇಲು. ಆರು ಗಂಟೆ ಬ್ಯಾಚಿಗೆ ಏಳಕ್ಕೆ ಬರ್ತಾನೆ. ಎದುರಿಗೆ ಪೇಪರ್ ಇದ್ರೂ ಕಿಟಕೀಲಿ ರಸ್ತೆ ನೋಡ್ತಾ ಹೊಡೀತಾನೆ” ಅಂದೆ.

ಸಾಹೇಬರು ಗಡ್ಡ ಸವರಿಕೊಂಡು, “ಸಾಕು ಬಿಡಿ” ಅಂತ ಎದ್ದರು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

೧೬ ಏಪ್ರಿಲ್

ಸಂಬಂಧ ಮುರಿದಿದೆ. ಸಾದಿಕ್ ಕ್ಲಾಸಿಗೆ ಬರುತ್ತಿಲ್ಲ. ಅಮ್ಮ ಕರಿಬೇವಿಗೆ ಅಂತ ಗೋಡೆ ಹತ್ತಿರ ನಿಂತು ಕರೆದರೆ ಆ ಕಡೆಯಿಂದ ಉತ್ತರವಿಲ್ಲ. ಕೊನೆಗೆ ಖತೀಜಾ ಬೀ ಅವರ ದನಿ ಮಾತ್ರ ಬಂತು: “ಗಿಡದಲ್ಲಿ ಎಲೆ ಇದೆ ವೆಂಕಟಲಕ್ಷ್ಮಮ್ಮ. ಆದ್ರೆ ಎಲೆಗೆ ಹುಳ ಬಿದ್ದಿದೆ. ನಿಮ್ಮ ಮಗನ ಹತ್ರ ಸುಳ್ಳು ಹೇಳಬಾರದಲ್ಲ, ಅದಕ್ಕೇ ಮೊದಲೇ ಹೇಳ್ತಾ ಇದೀನಿ.”

ಅಮ್ಮ ಒಳಗೆ ಬಂದು, “ನಿನ್ನ ಬಾಯಿಗೆ ಬೀಗ ಹಾಕ” ಅಂದರು. ಮಧ್ಯಾಹ್ನದ ಸಾರಿಗೆ ಒಗ್ಗರಣೆ ಇರಲಿಲ್ಲ. ಹೇಗಿದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೂತ್ರ ಕೇಳಿದವರಿಗೆ ಮಾತ್ರ.

೨೬ ಏಪ್ರಿಲ್

ಹೆಸರು ಹಬ್ಬಿಬಿಟ್ಟಿದೆ! ಚಿಕ್ಕಬಳ್ಳಾಪುರದಿಂದ ಒಬ್ಬರು, ನಗರಗೆರೆಯಿಂದ ಒಬ್ಬರು, ಒಂದೇ ದಿನ ಇಬ್ಬರು ವಿಚಾರಿಸಲು ಬಂದರು. ಕೆಳಗಿನ ಟೀ ಅಂಗಡಿ ಬಯ್ಯಪ್ಪ ನನ್ನ ಬಗ್ಗೆ ಎಲ್ಲರಿಗೂ ತೆಲುಗಿನಲ್ಲಿ ಸರ್ಟಿಫಿಕೇಟ್ ಕೊಡುತ್ತಾನೆ: “ಆಯನ ನೋಟ ಅಬದ್ಧಂ ರಾದು.” ಆತನ ಬಾಯಲ್ಲಿ ಸುಳ್ಳು ಬರುವುದಿಲ್ಲ ಅಂತ.

ಊರಿನ ಹುಡುಗರಲ್ಲೂ ಬದಲಾವಣೆ ಕಾಣುತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಗರೇಟು ಸೇದುತ್ತಿದ್ದ ಮೂವರು ನನ್ನನ್ನು ಕಂಡು ಸಿಗರೇಟು ಬಿಸಾಕಿ ನಮಸ್ಕಾರ ಹಾಕಿದರು. ವೆಂಕಟರವಣಪ್ಪನವರ ಮನೆಯಿಂದ ಒಂದು ತಟ್ಟೆ ಕೊಬ್ಬರಿ ಮಿಠಾಯಿ ಬಂತು, ಅವರ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ವಾಪಸ್ಸು ಕಳಿಸಿದೆ. ಕಳಿಸುವ ಮುಂಚೆ ಒಂದು ತುಂಡು ತಿಂದೆ ಅನ್ನುವುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಬೇಜಾರು. ರಸ್ತೆಯಲ್ಲಿ ನಾನು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ.

೧೦ ಮೇ

ಅಮ್ಮ ಗುಟ್ಟಾಗಿ ನನ್ನ ಜಾತಕ ಕಳಿಸಿದ್ದಾರೆ. ಗೌರಿಬಿದನೂರಿನ ಹುಡುಗಿ, ಪಂಕಜ ಅಂತ. ಪ್ರೈಮರಿ ಸ್ಕೂಲಿನಲ್ಲಿ ಟೀಚರು, ಮೂವತ್ತೊಂದು ವರ್ಷ. ತಂದೆ ತಾಯಿ ಇಲ್ಲ, ಸೋದರಮಾವನ ಮನೆಯಲ್ಲಿದ್ದಾಳೆ. ಜಾತಕ ಕೂಡಿದೆಯಂತೆ.

ನನಗೆ ಮೂವತ್ತಾರು ತುಂಬಿದೆ. ಮದುವೆಯ ಮೇಲೆ ನನಗೇನೂ ಅಂಥ ಆಸೆಯಿಲ್ಲ.

ಮೇಲಿನ ಸಾಲು ಸುಳ್ಳು. ಆಸೆಯಿದೆ. ಬಹಳ ಇದೆ. ಸಾಯಂಕಾಲ ಎರಡು ಸಲ ಕನ್ನಡಿ ನೋಡಿಕೊಂಡೆ, ಅದರಿಂದ ಧೈರ್ಯವೇನೂ ಬರಲಿಲ್ಲ.

೧೮ ಮೇ

ಏನಾಯಿತು ಅಂತ ಬರೆದಿಡಲೇಬೇಕು.

ಹನ್ನೊಂದು ಗಂಟೆಗೆ ಬಯ್ಯಪ್ಪನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಕೈಯಲ್ಲಿ ಕೊಡೆ, ಕಂಕುಳಲ್ಲಿ ನೋಟ್‌ಬುಕ್ಕು ಇಟ್ಟುಕೊಂಡ ಹಿರಿಯರೊಬ್ಬರು ಬಂದು ಬಯ್ಯಪ್ಪನ ಕಿವಿಯಲ್ಲಿ ಏನೋ ಕೇಳಿದರು. ಬಯ್ಯಪ್ಪ ಬಜ್ಜಿ ಜಾಲರಿಯಲ್ಲೇ ನನ್ನ ಕಡೆ ತೋರಿಸಿ, “ಅಗೋ, ಮೇಷ್ಟ್ರು. ಅವರನ್ನ ಕೇಳಿ” ಅಂದ.

ಅವರು ನನ್ನ ಬೆಂಚಿಗೇ ಬಂದು ಕೂತರು. “ನಮಸ್ಕಾರ ಮೇಷ್ಟ್ರೇ. ವರದರಾಜ ಅಂತ, ಗೌರಿಬಿದನೂರು. ರೈಲ್ವೇಲಿದ್ದು ರಿಟೈರಾದವನು. ನಮ್ಮ ಅಕ್ಕನ ಮಗಳಿಗೆ ಈ ಊರಿನ ಒಂದು ಗಂಡು ಬಂದಿದೆ. ನೀವು ಇದ್ದದ್ದು ಇದ್ದ ಹಾಗೆ ಹೇಳ್ತೀರಂತೆ.”

ಟೀ ಲೋಟ ಬೆಂಚಿನ ಮೇಲಿಟ್ಟೆ. “ಗಂಡಿನ ಹೆಸರು?”

“ಯೋಗನರಸಿಂಹ” ಅಂತ ನನ್ನ ಹೆಸರನ್ನೇ ಹೇಳಿ, ಜೇಬಿನಿಂದ ಫೋಟೊ ತೆಗೆದರು.

ಅಮ್ಮ ಎಂಥ ಕೆಲಸ ಮಾಡಿದ್ದಾರೆ! ನಾನು ಬಿ.ಕಾಂ. ಮುಗಿಸಿದ ವರ್ಷ ತೆಗೆಸಿದ ಫೋಟೊ. ಕಿವಿ ಮುಚ್ಚುವಷ್ಟು ಕೂದಲು, ಕೆನ್ನೆ ತುಂಬ ನಗು. ಆ ಫೋಟೊದಲ್ಲಿರುವವನು ಈಗ ಎದುರಿಗೆ ಬಂದರೆ ನಾನೇ ಗುರುತು ಹಿಡಿಯುವುದಿಲ್ಲ. ವರದರಾಜರು ಹೇಗೆ ಹಿಡಿಯಬೇಕು?

“ಪರಿಚಯ ಇದೆಯಾ?”

“ಇದೆ. ಹುಟ್ಟಿದಾಗಿಂದ.”

ಅವನು ನಾನೇ ಅಂತ ಆ ಕ್ಷಣದಲ್ಲೇ ಹೇಳಬೇಕಿತ್ತು. ‘ನೀವು ಯಾರು’ ಅಂತ ಅವರು ಕೇಳಿಲ್ಲವಲ್ಲ, ಸೂತ್ರ ಕೇಳಿದವರಿಗೆ ಮಾತ್ರವಲ್ಲವೇ ಅಂತ ಮನಸ್ಸು ವಾದ ಹೂಡಿತು. ಅದು ವಾದವೂ ಅಲ್ಲ ಎಂಥದೂ ಅಲ್ಲ, ಭಯ.

“ಫೋಟೊ ಈಗಿಂದೇನಾ?”

“ಹದಿನಾಲ್ಕು ವರ್ಷ ಹಳೇದು. ಈಗ ಅಷ್ಟು ಕೂದಲಿಲ್ಲ.”

ಅವರು ನನ್ನ ತಲೆ ನೋಡಿದರು. “ಅಂದ್ರೆ, ನಿಮ್ಮಷ್ಟು?”

“ಹೆಚ್ಚು ಕಡಿಮೆ ನನ್ನಷ್ಟೇ.”

ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬೋಳು ಅಂತ ಬರೆದದ್ದು ನನಗೆ ಕಾಣಿಸಿತು. “ಕಾಲೇಜು ನಡೆಸ್ತಾರಂತೆ? ಪ್ರಿನ್ಸಿಪಾಲರು ಅಂತ ಹೇಳಿ ಕಳ್ಸಿದಾರೆ.”

“ಕಾಲೇಜೂ ಇಲ್ಲ, ಪ್ರಿನ್ಸಿಪಾಲೂ ಇಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟು. ನಾಲ್ಕು ಮಿಷನ್ನು. ಅದ್ರಲ್ಲೊಂದರ ‘ಇ’ ಒತ್ತಿದ್ರೆ ಮೇಲಕ್ಕೇ ಏಳಲ್ಲ.”

“ಸ್ವಭಾವ?”

“ಸಿಡುಕು. ತಾನು ಹೇಳಿದ್ದೇ ಸರಿ ಅನ್ನೋ ಜಾತಿ. ಅಮ್ಮ ಮಾಡಿದ ಅಡುಗೇಲೂ ತಪ್ಪು ಹುಡುಕ್ತಾನೆ.”

“ಗೊರಕೆ?”

“ಪಕ್ಕದ ಮನೇವರೆಗೂ ಕೇಳುತ್ತೆ.”

“ಚಟ?”

“ನಶ್ಯ ಒಂದಿದೆ.” ಜೇಬಿನ ಡಬ್ಬಿಯ ಕಡೆ ಹೋಗುತ್ತಿದ್ದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡೆ.

ವರದರಾಜರು ಪೆನ್ಸಿಲ್ಲು ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು. “ಕೊನೇದಾಗಿ ಒಂದು ಮಾತು ಮೇಷ್ಟ್ರೇ. ತಾಯಿಯಿಲ್ಲದ ಹುಡುಗಿ, ಅದಕ್ಕೆ ಕೇಳ್ತಿದೀನಿ. ಈತ ಯಾರಿಗಾದ್ರೂ ಅನ್ಯಾಯ ಮಾಡಿದಾನಾ?”

ಕದಿರಮ್ಮನ ವಿಷಯ ಹೇಳಿದೆ. ಬಂಗಾರ ಅಂದದ್ದು, ಟ್ರಂಕು ಹಿಡಿದುಕೊಂಡು ಹುಡುಗಿ ವಾಪಸ್ಸು ಬಂದದ್ದು, ಮಸೀದಿ ಬೀದಿ ಸುತ್ತಿ ಹೋಗುವುದು, ಎಲ್ಲ. ‘ಅವನು’ ‘ಅವನು’ ಅಂತಲೇ ಹೇಳಿದೆ. ಹೇಳುತ್ತಾ ಹೇಳುತ್ತಾ ಎರಡು ಸಲ ನಿಲ್ಲಿಸಿ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡೆ. ಎರಡು ವರ್ಷದಿಂದ ಯಾರ ಹತ್ತಿರವೂ ಆಡದ ಮಾತನ್ನು ಬಜ್ಜಿ ಹೊಗೆಯ ಮಧ್ಯೆ, ಗುರುತಿಲ್ಲದವರ ಮುಂದೆ ಆಡಿಬಿಟ್ಟೆ.

ಅವರು ಪೆನ್ಸಿಲ್ಲು ಎತ್ತಿಕೊಂಡು ಎರಡು ಸಾಲು ಬರೆದರು. “ಆತನಲ್ಲಿ ಒಳ್ಳೇದು ಅಂತ ಏನಾದ್ರೂ ಇದೆಯಾ?”

ನಾನು ಯೋಚಿಸಿದೆ. ಟೀ ಆರಿಹೋಗುವವರೆಗೂ ಯೋಚಿಸಿದೆ. “ಏನೋ ಇರಬೇಕು ಸಾರ್. ಈಗ ನೆನಪಿಗೆ ಬರ್ತಿಲ್ಲ.”

“ಉಪಕಾರ ಆಯ್ತು” ಅಂತ ನನ್ನ ಟೀಯ ದುಡ್ಡನ್ನೂ ಅವರೇ ಕೊಟ್ಟು ಹೋದರು.

ಆ ಬೆಂಚಿನಲ್ಲಿ ಒಬ್ಬನೇ ಕೂತಿದ್ದಾಗ ಸಾದಿಕ್ ನೆನಪಾದ. ಹೋದ ವರ್ಷ ನನಗೆ ಟೈಫಾಯ್ಡ್ ಬಂದಾಗ ಹನ್ನೆರಡು ದಿನ ಅವನೇ ಇನ್‌ಸ್ಟಿಟ್ಯೂಟ್ ಬಾಗಿಲು ತೆಗೆದು, ಗುಡಿಸಿ, ಬ್ಯಾಚು ನಡೆಸಿದ್ದ. ಅಮ್ಮನಿಗೆ ನೀರು ಹೊತ್ತು ಹಾಕಿದ್ದ. ಅದನ್ನು ನೂರುಲ್ಲಾ ಸಾಹೇಬರಿಗೆ ಹೇಳಬೇಕು ಅಂತ ನನಗೆ ಅವತ್ತು ಹೊಳೆಯಲೇ ಇಲ್ಲ.

೧೯ ಮೇ

ಅಮ್ಮನಿಗೆ ಎಲ್ಲ ಹೇಳಿದೆ. ಮೊದಲು ಹಣೆ ಚಚ್ಚಿಕೊಂಡರು. “ಎಲ್ಲಾರೂ ಬೇರೆಯವರ ಮನೆ ಮದುವೆ ಮುರೀತಾರೆ, ನೀನು ನಿಂದೇ ಮುರ್ಕೊಂಡ್ಯಲ್ಲೋ!” ಅಂದರು. ಆಮೇಲೆ ಒಳಗೆ ಹೋಗಿ ಅತ್ತರು.

ನನಗೂ ಅಳು ಬಂತು.

೨೪ ಮೇ

ಬೆಳಗ್ಗೆ ಬಸ್ಸು ಹತ್ತಿ ಚಿಂತಾಮಣಿಗೆ ಹೋದೆ. ನೂರುಲ್ಲಾ ಸಾಹೇಬರ ಅಂಗಡಿ ಹುಡುಕಿಕೊಂಡು ಒಂದು ಗಂಟೆ ಅಲೆದೆ. ಸೂತ್ರದ ಪ್ರಕಾರ ಇದು ತಪ್ಪು, ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಇದೊಂದು ಸಲ ಇರಲಿ ಅಂದುಕೊಂಡೆ.

ರಂಜಾನ್ ಉಪವಾಸದ ರೋಜಾ ಹಿಡಿದಿದ್ದ ಸಾಹೇಬರು ಗಲ್ಲಾದ ಹಿಂದೆ ಸುಸ್ತಾಗಿ ಕೂತಿದ್ದರು. ಹನ್ನೆರಡು ದಿನದ ವಿಷಯ ಹೇಳಿದೆ. ನೀರಿನ ವಿಷಯ ಹೇಳಿದೆ. ಏಳಕ್ಕೆ ಬರುವುದು ಯಾಕೆಂದರೆ ಮೊದಲು ತಾಯಿಗೆ ರೇಷ್ಮೆ ನೂಲು ತೆಗೆಯುವ ಒಲೆಗೆ ಸೌದೆ ಹಾಕಿಕೊಟ್ಟು ಬರುತ್ತಾನೆ ಅನ್ನುವುದನ್ನೂ ಹೇಳಿದೆ. ಅದು ನನಗೆ ಯಾವಾಗಲೂ ಗೊತ್ತಿದ್ದ ವಿಷಯ.

“ಇದನ್ನೆಲ್ಲ ಅವತ್ತೇ ಹೇಳೋಕೆ ಏನಾಗಿತ್ತು ಮೇಷ್ಟ್ರೇ?”

“ನೀವು ಕೇಳಲಿಲ್ಲ ಸಾಹೇಬ್ರೇ.”

“ಅರೆ! ‘ಹುಡುಗ ಹೇಗೆ’ ಅಂತಲ್ಲವಾ ನಾನು ಕೇಳಿದ್ದು? ಟೈಪಿಂಗ್ ಹೇಗೆ ಅಂತ ಕೇಳಿದ್ನಾ?”

ಬಿಸಿಲಲ್ಲಿ ಬಂದಿದ್ದೀರಿ ಅಂತ ತಾವು ಉಪವಾಸವಿದ್ದರೂ ನನಗೆ ಸೋಡಾ ತರಿಸಿಕೊಟ್ಟರು. ಅವರ ಎದುರಿಗೆ ಕುಡಿಯಲು ನಾಚಿಕೆಯಾಗಿ ಬೀದಿಗೆ ಬಂದು ಕುಡಿದೆ.

೨೯ ಮೇ. ರಂಜಾನ್

ಹತ್ತು ಗಂಟೆಗೆ ಗೋಡೆಯ ಮೇಲೆ ಮೊದಲು ಒಂದು ಕಟ್ಟು ಕರಿಬೇವು ಬಂತು. ಅದರ ಹಿಂದೆ ಮುಚ್ಚಿದ ಪಾತ್ರೆಯಲ್ಲಿ ಹಾಲು ಶ್ಯಾವಿಗೆ. ಅದರ ಹಿಂದೆ ಖತೀಜಾ ಬೀ ಅವರ ಮುಖ.

“ನಿನ್ನೆ ಚಿಂತಾಮಣಿಯಿಂದ ಹೇಳಿ ಕಳ್ಸಿದಾರೆ. ಬಕ್ರೀದ್ ಆದ ಮೇಲೆ ನಿಕಾ” ಅಂದರು. ಆಮೇಲೆ, “ನನಗೆ ನಿಮ್ಮ ಮೇಲೆ ಕೋಪ ಇನ್ನೂ ಹೋಗಿಲ್ಲ. ಶ್ಯಾವಿಗೆ ಬೇರೆ, ಕೋಪ ಬೇರೆ” ಅಂದರು.

“ಸಕ್ಕರೆ ಎಷ್ಟಿದೆ ಅಂತ ಕೇಳಬೇಡಿ, ಅವನು ಹೇಳಿಬಿಡ್ತಾನೆ” ಅಂತ ಅಮ್ಮ ಒಳಗಿನಿಂದ ಕೂಗಿದರು. ಇಬ್ಬರೂ ಹೆಂಗಸರು ನಕ್ಕರು. ಆ ನಗು ಕೇಳಿ ಆರು ವಾರವಾಗಿತ್ತು.

೧ ಜೂನ್

ಸುಗುಣಳ ಮನೆಗೆ ಹೋಗಿ, “ಎಡಗೈ ಕಿರುಬೆರಳು ಒಂದು ಸರಿ ಮಾಡ್ಕೊ. ಆರಕ್ಕೆ ಬಾ, ನಾನೇ ಪಕ್ಕದಲ್ಲಿ ಕೂತಿರ್ತೀನಿ” ಅಂತ ಹೇಳಿ ಬಂದೆ. ಗೌರಿಬಿದನೂರಿಂದ ಸುದ್ದಿಯಿಲ್ಲ. ಬರುವುದೂ ಇಲ್ಲ.

೭ ಜೂನ್

ಭಾನುವಾರ, ರಜೆ. ರಿಬ್ಬನ್ ಬದಲಾಯಿಸೋಣ ಅಂತ ಇನ್‌ಸ್ಟಿಟ್ಯೂಟಿಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಕೊಡೆ ಊರುವ ಸದ್ದಾಯಿತು. ನೋಡಿದರೆ ವರದರಾಜರು, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಾರೆ!

“ಟೀ ಅಂಗಡೀಲಿ ಕೇಳ್ದೆ, ಮೇಲಿದಾರೆ ಅಂದ್ರು. ನಿಮ್ಮನ್ನೇ ಹುಡುಕ್ಕೊಂಡು ಬಂದೆ ಮೇಷ್ಟ್ರೇ. ಆ ಗಂಡು ನಮಗೆ ಬೇಡ ಅಂತ ತೀರ್ಮಾನ ಮಾಡಿದ್ವಿ.”

“ಒಳ್ಳೇದು ಮಾಡಿದ್ರಿ” ಅಂದೆ. ಕೈಯಲ್ಲಿದ್ದ ರಿಬ್ಬನ್ನನ್ನು ಉಲ್ಟಾ ಸುತ್ತತೊಡಗಿದೆ.

“ಇರಿ, ಪೂರ್ತಿ ಕೇಳಿ. ನೀವು ಹೇಳಿದ್ದನ್ನೆಲ್ಲ ಪಂಕಜಂಗೆ ಓದಿ ಹೇಳ್ದೆ. ಮಾರನೇ ದಿನ ಅವಳು, ‘ಮಾವ, ಗಂಡು ಹೋಗ್ಲಿ. ಅಷ್ಟು ನೊಂದುಕೊಂಡು ಹೇಳಿದವರು ಯಾರು? ಅವರಿಗೆ ಮದುವೆ ಆಗಿದೆಯಾ?’ ಅಂದ್ಲು. ಅದನ್ನ ಕೇಳೋಕೆ ನಾಚಿಕೆ ಬಿಟ್ಟು ಬಂದಿದೀನಿ. ಆಗಿದೆಯಾ ಮೇಷ್ಟ್ರೇ?”

ಸ್ಟೂಲು ಎಳೆದು ಅವರನ್ನು ಕೂರಿಸಿದೆ. ದಣಿವಾರಿಸಿಕೊಳ್ಳುತ್ತಾ ಅವರು ಸುತ್ತ ನೋಡಿದರು. ಕಣ್ಣು ಒಂದೊಂದೇ ಮಿಷನ್ನಿನ ಮೇಲೆ ಹೋಯಿತು. ಒಂದು, ಎರಡು, ಮೂರು, ನಾಲ್ಕು. ಎದ್ದು ಹೋಗಿ ಮೊದಲನೆಯದರ ‘ಇ’ ಒತ್ತಿದರು, ಎದ್ದಿತು. ಎರಡನೆಯದು ಎದ್ದಿತು. ಮೂರನೆಯದು ಏಳಲಿಲ್ಲ.

ಬಹಳ ಹೊತ್ತು ಆ ಏಳದ ಕೀಲಿಯನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಜೇಬಿನಿಂದ ಫೋಟೊ ತೆಗೆದು ಒಮ್ಮೆ ಅದನ್ನು, ಒಮ್ಮೆ ನನ್ನ ತಲೆಯನ್ನು ನೋಡಿದರು.

“ನೀವೇನಾ?”

“ನಾನೇ. ಅವತ್ತೇ ಹೇಳಬೇಕಿತ್ತು. ನೀವು ಕೇಳಲಿಲ್ಲ ಅಂತ ನೆಪ ಮಾಡ್ಕೊಂಡೆ. ನಿಜವಾಗಿ ಭಯ ಆಯ್ತು. ತಪ್ಪಾಯ್ತು ಸಾರ್.”

“ನಿಮ್ಮ ಪುರಾಣಾನ ನನ್ನ ಕೈಲೇ ಬರೆಸಿದ್ರಲ್ರೀ!” ಅಂತ ಕೊಡೆ ಕುಟ್ಟಿಕೊಂಡು ಮೆಟ್ಟಿಲಿಳಿದರು. ನಾನು ತಡೆಯಲಿಲ್ಲ.

ಮುಂದಿನದನ್ನು ಸಾದಿಕ್ ಓಡಿ ಬಂದು ಹೇಳಿದ. ವರದರಾಜರು ಬಸ್‌ಸ್ಟ್ಯಾಂಡಿಗೆ ಹೋಗಿಲ್ಲ. ಹಿಡಿದ ಕೆಲಸ ಬಿಡದ ಮನುಷ್ಯ, ಸೀದಾ ನಮ್ಮ ಬೀದಿಗೆ ಹೋಗಿ ಪಕ್ಕದ ಮನೆ ಅಂತ ಖತೀಜಾ ಬೀ ಅವರನ್ನೇ ನನ್ನ ಬಗ್ಗೆ ವಿಚಾರಿಸಿದ್ದಾರೆ. ಅವರು ಬಾಗಿಲಲ್ಲಿ ಕುರ್ಚಿ ಹಾಕಿಸಿ, ಇದ್ದದ್ದು ಇದ್ದ ಹಾಗೆ ಹೇಳಿದರಂತೆ:

“ಗೊರಕೆ ಗೋಡೆ ದಾಟಿ ಬರ್ತದೆ, ನಿಜ. ನನ್ನ ಮಗನ ಸಂಬಂಧ ಕೆಡಿಸಿದ್ದು ಇವನೇ. ಆ ದಿನ ನಾನು ಎಷ್ಟು ಬೈದೆ ಅಂತ ಅಲ್ಲಾಗೇ ಗೊತ್ತು. ಆಮೇಲೆ ಯಾರೂ ಹೇಳದೆ ಬಿಸಿಲಲ್ಲಿ ಬಸ್ಸು ಹತ್ತಿ ಹೋಗಿ ಕೂಡಿಸಿದ್ದೂ ಇವನೇ. ನಿಮ್ಮ ಹುಡುಗಿಗೆ ಬೇಕಾ ಬೇಡವಾ ನನಗೆ ಗೊತ್ತಿಲ್ಲ. ನನಗೆ ಪಕ್ಕದ ಮನೆಗೆ ಇವನೇ ಬೇಕು.”

ಇದನ್ನು ಬರೆಯುವಾಗ ಕಣ್ಣು ಒದ್ದೆಯಾಗಿದೆ. ನಶ್ಯದಿಂದ ಅಲ್ಲ.

ಕಾರ್ಡು ಗೋಡೆಯ ಮೇಲೆ ಇಲ್ಲ ಅನ್ನುವುದನ್ನು ಇವತ್ತು ನೋಡಿದೆ. ಸುಗುಣ ಅದನ್ನು ಮಡಚಿ, ಅಲ್ಲಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟಿದ್ದಾಳೆ. ಮೇಜು ಈಗ ಅಲ್ಲಾಡುತ್ತಿಲ್ಲ, ಇರಲಿ ಅಂತ ಬಿಟ್ಟೆ.

೧೪ ಜೂನ್. ಗೌರಿಬಿದನೂರು

ಹೆಣ್ಣು ನೋಡಲು ಬನ್ನಿ ಅಂತ ಕಾಗದ ಬಂದಿತ್ತು. ಬಸ್ಸಿನಲ್ಲಿ ಅಮ್ಮ ಒಂದೇ ಮಾತು ಇಪ್ಪತ್ತು ಸಲ ಹೇಳಿದರು: “ತಿಂಡಿ ಬಗ್ಗೆ ಉಸಿರೆತ್ತಬೇಡ.”

ಪಂಕಜ ಕನ್ನಡಕ ಹಾಕುತ್ತಾಳೆ. ತಲೆ ತಗ್ಗಿಸಿ ಕೂರುವ ಪೈಕಿ ಅಲ್ಲ. ಉಪ್ಪಿಟ್ಟಿನ ತಟ್ಟೆ ಕೊಟ್ಟು, ನಾನು ಎರಡು ತುತ್ತು ತಿನ್ನುವವರೆಗೂ ಕಾದು, “ಹೇಗಿದೆ?” ಅಂದಳು. ಅಮ್ಮ ನನ್ನ ತೊಡೆ ಚಿವುಟಿದರು.

“ಉಪ್ಪು ಜಾಸ್ತಿ. ಹಸಿವೂ ಜಾಸ್ತಿ ಇದೆ, ಇನ್ನೊಂದು ಸ್ವಲ್ಪ ಹಾಕಿ.”

“ಮಾಡಿದ್ದು ನಮ್ಮ ಮಾವ” ಅಂತ ಅವಳು ನಕ್ಕಳು. ವರದರಾಜರ ಮುಖ ಹುಳ್ಳಗಾಯಿತು. ಆದರೂ ಎರಡನೇ ಸಲ ಬಡಿಸಿದ್ದು ಅವರೇ.

ಆಮೇಲೆ ಅವಳು ನಗು ನಿಲ್ಲಿಸಿ ಕೇಳಿದಳು. “ಸಾದಲಿಗೆ ಹೋಗಿ ಬಂದ್ರಾ?”

ನೋಟ್‌ಬುಕ್ಕಿನಲ್ಲಿದ್ದ ಬೋಳು, ಗೊರಕೆ, ನಶ್ಯ ಒಂದನ್ನೂ ಕೇಳಲಿಲ್ಲ. ಇದೊಂದನ್ನೇ ಕೇಳಿದಳು.

“ಇಲ್ಲ.”

“ಯಾಕೆ?”

“ಅವರ ಮುಖ ನೋಡೋಕೆ ಧೈರ್ಯ ಇಲ್ಲ.”

“ಬರೋ ಭಾನುವಾರ ಹೋಗಣ. ನಾನೂ ಬರ್ತೀನಿ” ಅಂದಳು.

ಅಮ್ಮ ನನ್ನ ತೊಡೆಯಿಂದ ಕೈ ತೆಗೆದರು. ಅವಳು ಒಪ್ಪಿದ್ದಾಳೆ ಅಂತ ನನಗೆ ಅರ್ಥವಾದದ್ದು ವಾಪಸ್ಸು ಬರುವ ಬಸ್ಸು ಅರ್ಧ ದಾರಿ ಬಂದ ಮೇಲೆ.

೨೧ ಜೂನ್

ಸಾದಲಿಗೆ ಹೋಗಿದ್ದೆವು. ನಾನು, ಪಂಕಜ, ಮಧ್ಯದ ಸೀಟಿನಲ್ಲಿ ಕೊಡೆ ಹಿಡಿದುಕೊಂಡು ಕಾವಲಿಗೆ ವರದರಾಜರು.

ಕದಿರಮ್ಮ ರೇಷ್ಮೆ ಹುಳುವಿನ ಮನೆಯಲ್ಲಿದ್ದರು. ಹುಳ ನಾಲ್ಕನೇ ಸಲ ಪೊರೆ ಕಳಚಿ, ಇಲ್ಲಿನವರು ಹೇಳುವ ಹಾಗೆ ನಾಲ್ಕನೇ ಜ್ವರ ಎದ್ದು, ಒಂದೇ ಸಮ ಹಿಪ್ಪುನೇರಳೆ ಸೊಪ್ಪು ಮೇಯುತ್ತಿತ್ತು. “ನಶ್ಯದ ಡಬ್ಬಿ ಹೊರಗಿಟ್ಟು ಕೈ ತೊಳ್ಕೊಂಡು ಬಾ, ಹುಳಕ್ಕೆ ಘಾಟು ಆಗಲ್ಲ” ಅಂದರು. ಕೈ ತೊಳೆದುಕೊಂಡು ಬಂದು, ಬಾಗಿಲಲ್ಲೇ ನಿಂತು ಹೇಳಿದೆ. ಹುಡುಗನ ವಿಷಯ ನನಗೆ ಗೊತ್ತಿತ್ತು, ಗೊತ್ತಿದ್ದೂ ಬಂಗಾರ ಅಂದೆ, ನಿಮ್ಮ ಮಗಳ ಬಾಳು ನನ್ನ ಮಾತಿನಿಂದ ಹೀಗಾಯಿತು ಅಂತ. ಈ ಸಲ ‘ಅವನು’ ಅನ್ನಲಿಲ್ಲ.

ಕದಿರಮ್ಮ ನನ್ನನ್ನು ನೋಡಲಿಲ್ಲ. ಸೊಪ್ಪು ಹಾಕುತ್ತಲೇ ಇದ್ದರು. “ನಂಗೊತ್ತಿತ್ತು ಕಣಪ್ಪ. ನೀನು ಮಸೀದಿ ಬೀದಿಗೆ ತಿರುಗಿಕೊಳ್ಳೋದು ನನ್ನ ಕಣ್ಣಿಗೆ ಕಾಣಲ್ವಾ? ಎರಡು ವರ್ಷ ಆಯ್ತು, ಇವತ್ತು ಬರ್ತಾನೆ ನಾಳೆ ಬರ್ತಾನೆ ಅಂತ ನೋಡ್ತಾನೇ ಇದೀನಿ” ಅಂದರು. ಕಣ್ಣೊರೆಸಿಕೊಂಡು, ಒಂದು ಮಂಕರಿ ಸೊಪ್ಪನ್ನು ನನ್ನ ಕೈಗೆ ತಳ್ಳಿದರು. “ನಿಂತ್ಕೊಂಡು ಏನು ನೋಡ್ತೀಯಾ, ಹುಳ ಹಸ್ಕೊಂಡಿದೆ. ಹಾಕು.”

ನಾವು ಮೂವರೂ ಒಂದು ಗಂಟೆ ಸೊಪ್ಪು ಹಾಕಿದೆವು. ವರದರಾಜರು ಒಂದು ತಟ್ಟೆಗೆ ಜಾಸ್ತಿ ಹಾಕಿ ಬೈಸಿಕೊಂಡರು.

ಹೊರಡುವಾಗ ಕದಿರಮ್ಮನ ಮಗಳು ಬಾಗಿಲ ಹಿಂದಿನಿಂದ ಈಚೆ ಬಂದು, ಟೈಪಿಂಗ್ ಕಲಿತರೆ ಕೆಲಸ ಸಿಗುತ್ತದೆಯೇ ಅಂತ ನನ್ನನ್ನಲ್ಲ, ಪಂಕಜಳನ್ನು ಕೇಳಿದಳು. ನಾಳೆಯಿಂದ ಆರು ಗಂಟೆ ಬ್ಯಾಚಿಗೆ ಬರುತ್ತಾಳೆ. ಆ ‘ಇ’ ಇವತ್ತೇ ರಿಪೇರಿ ಮಾಡಿಸಬೇಕು.

“ಅವಳು ಓದಿದ್ದು ಕಡಿಮೆ ಮೇಷ್ಟ್ರೇ. ಪಾಸಾಗ್ತಾಳಾ?” ಅಂತ ಕದಿರಮ್ಮ ಕೇಳಿದರು.

“ಕಲಿಸ್ತೀನಿ” ಅಂದೆ.